ತೊಳೆದು ತಂದ ಕ್ಲಾರಿನೆಟ್

“ಇದನ್ನ ಯಾರ ತೊಳದಾರ್ರಿ?” ಕ್ಲಾರಿನೆಟ್ಟನ್ನು ಕೈಗೆ ತೆಗೆದುಕೊಳ್ಳುತ್ತಲೇ ಅಕ್ಕಲಕೋಟದ ಆ ವಯಸ್ಸಾದ ಬ್ಯಾಂಡ್ ಮಾಸ್ತರರು ಕೇಳಿದರು. ನಾನೇ, ಎಂಜಲಲ್ಲವೇ ಎಂದು ಹೆಮ್ಮೆಯಿಂದ ಹೇಳಿದೆ.

ಎಪ್ಪತ್ತರ ದಶಕದ ಮಾತು. ಊದಲು ಕಲಿಯುವ ಹುಚ್ಚಿನಿಂದ ನನ್ನ ಯಜಮಾನರು ಅದನ್ನು ಸೊಲ್ಲಾಪುರದ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡಿದ್ದರು. ಅದರ ನಿಜವಾದ ಬೆಲೆ ಎಷ್ಟೆಂದು ಕೇಳಲು ಇಬ್ಬರೂ ಬಸ್ಸು ಹಿಡಿದು ಬಂದಿದ್ದೆವು. ಯಾರ‍್ಯಾರೋ ಬಾಯಿಗಿಟ್ಟ ಎಂಜಲು ವಸ್ತುವೆಂದು ಹಿಂದಿನ ದಿನ ನಾನು ಹುಣಸೆಹಣ್ಣು ಹಚ್ಚಿ, ಬಿಸಿನೀರಿನಲ್ಲಿ ತಿಕ್ಕಿ ತೊಳೆದಿದ್ದೆ.

ಮಾಸ್ತರರು ಊದಿದರು. ಬರೀ ಗಾಳಿ ಸೋರಿತು.

“ತೊಳಿಯೂ ಮೊದಲ ತಂದಿದ್ರ ಮುನ್ನೂರ ಕೊಟ್ಟು ನಾನ ತಗೋತಿದ್ದೆ, ಅಕ್ಕಾರ. ಈಗ ಕಟ್ಟಿಗಿ ಬಿರಕ ಬಿಟ್ಟದ, ತೂತ ಮುಚ್ಚೋ ತೊಗಲ ಉಬ್ಬ್ಯದ.”

ಯಜಮಾನರು ನನ್ನ ಕಡೆ ನೋಡಲಿಲ್ಲ. ಮಾಸ್ತರರು ಊದುವ ತುದಿಯನ್ನು ಹೆಗಲ ಮೇಲಿನ ವಸ್ತ್ರದಿಂದ ಮೂರು ಸಲ ಒರೆಸಿ, ಕ್ಲಾರಿನೆಟ್ಟನ್ನು ನನ್ನ ಕೈಗೆ ಕೊಡದೆ ಚಾಪೆಯ ಮೇಲಿಟ್ಟರು. “ಮನಿಗೆ ಹೋಗಿ ಈ ತುದಿ ಅಷ್ಟ ತೊಳೀರಿ. ಈಗ ನನ್ನ ಎಂಜಲ ಆಗ್ಯದ.” ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ನಾನು ಅದನ್ನು ತೊಳೆಯಲಿಲ್ಲ. ಹೋದ ಮುನ್ನೂರು ರೂಪಾಯಿಯನ್ನು ಎಂದೋ ಮರೆತೆ. ಒರೆಸುತ್ತಿದ್ದ ಆ ಕೈಯನ್ನು ಮರೆಯಲು ಇನ್ನೂ ಆಗಿಲ್ಲ.