ಸೆಲ್ಲಿನ ಮ್ಯಾಲೆ ನಡೆಯುವವರು

ಎದೆಯ ಮಾತು ಮೊದಲು ಎತ್ತಿದ್ದು ನಾನೋ ಆ ಮಾಸ್ತರರೋ, ಈಗ ಹೇಳಲಾರೆ. ನಾನೇ ಕೇಳಿದೆ ಎಂದು ಬಹಳ ಸಲ ಹೇಳಿಕೊಂಡಿದ್ದೇನೆ. ಹೇಳಿ ಹೇಳಿ ಅದೇ ನೆನಪಾಗಿ ಕೂತಿರಬಹುದು.

ಎಂಬತ್ತರ ದಶಕ. ಶಿಗ್ಗಾವಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಹಲ್ಲಿನ ದವಾಖಾನೆ. ಅದರ ಹಿಂದಿನ ಖೋಲಿಯಲ್ಲಿ ನಾನೊಬ್ಬನೇ. ಕಾಲೇಜಿನಲ್ಲಿ ಎಲ್ಲವನ್ನೂ ಪ್ರಶ್ನಿಸುತ್ತಿದ್ದವನಿಗೆ ಇಲ್ಲಿ ಸಂಶಯ ಬಂದರೆ ಕೇಳಲು ಒಬ್ಬರೂ ಇರಲಿಲ್ಲ.

ಸವಣೂರಿನಿಂದ ನಿವೃತ್ತ ಹೆಡ್ ಮಾಸ್ತರರೊಬ್ಬರು ಬಂದಿದ್ದರು. ಕೆಳಗಿನ ಹಲ್ಲಿನ ನರ ಸತ್ತಿತ್ತು. ಬೇರಿನ ಉದ್ದ ಅಳೆಯಬೇಕು: ಸೂಜಿ ತುದಿ ದಾಟಿದರೆ ಬಾವು, ಹಿಂದೆ ಉಳಿದರೆ ಒಳಗೇ ಕೊಳೆ. ಎಕ್ಸ್‌ರೇ ತೆಗೆಯೋಣವೆಂದರೆ ಕರೆಂಟ್ ಹೋಗಿತ್ತು. ಹೊಸದಾಗಿ ತಂದ ಅಳತೆಯ ಪೆಟ್ಟಿಗೆ ಹೊರಗೆ ತೆಗೆದೆ. ಒಂದು ವೈರು ಹಲ್ಲಿನೊಳಗಿನ ಸೂಜಿಗೆ, ಇನ್ನೊಂದರ ಕೊಕ್ಕೆ ತುಟಿಗೆ.

"ಕರೆಂಟ್ ಹಿಡಿಸ್ತೀರೇನು?" ಎಂದರು.

"ಇಲ್ಲರಿ, ಸೆಲ್ಲಿನ ಮ್ಯಾಲೆ ನಡೀತೈತಿ. ಗೊತ್ತೂ ಆಗೂದಿಲ್ಲ."

"ಹಂಗಾದ್ರ ನಾನೂ ನಿಮ್ಮ ಪೆಟ್ಟಿಗಿನೂ ಒಂದೇ ಜಾತಿ." ಅಂಗಿಯ ಮೇಲಿಂದ ಎದೆಯ ಎಡಕ್ಕೆ ಬೆರಳಿಟ್ಟರು. "ನಂದೂ ಸೆಲ್ಲಿನ ಮ್ಯಾಲೇ. ಮುಂಬಯಿಯೊಳಗ ಹಾಕ್ಯಾರ."

"ಎದಿ ತ್ರಾಸು ಇಲ್ಲ ಅಂದಿದ್ರಲ್ರಿ?"

"ಅದನ್ನ ಹಾಕಿದ ಮ್ಯಾಲೆ ಎಲ್ಲೀ ತ್ರಾಸು? ನೀವು ಕೇಳಿದ್ದು ಈಗಿಂದು."

ಪೇಸ್‌ಮೇಕರ್ ಇದ್ದವರಿಗೆ ಬಳಸಬಾರದೆಂದು ಪೆಟ್ಟಿಗೆಯ ಜೊತೆಗಿನ ಕಾಗದದಲ್ಲೇ ಇತ್ತು. ಅದರ ಸಣ್ಣ ಕರೆಂಟು ಎದೆಯ ಬಡಿತ ತಪ್ಪಿಸಬಹುದು. ಒಂದು ನೆನಪಿನಲ್ಲಿ ಕೊಕ್ಕೆ ಇನ್ನೂ ನನ್ನ ಕೈಯಲ್ಲಿದೆ. ಇನ್ನೊಂದರಲ್ಲಿ ಅದು ಅವರ ತುಟಿಯ ಮೇಲಿದೆ, ನನ್ನ ಬೆರಳು ಸ್ವಿಚ್ಚಿನ ಹತ್ತಿರ. ಎರಡರಲ್ಲೂ ಸ್ವಿಚ್ಚು ಒತ್ತದೆ ಪೆಟ್ಟಿಗೆ ಮುಚ್ಚಿಟ್ಟೆ.

"ಕರೆಂಟ್ ಬರೂತನಕ ಕೂಡೂಣ್ರಿ."

"ಅಂದಾಜಿನ ಮ್ಯಾಲೆ ಮಾಡಿ ಮುಗಸ್ರಿ, ಬಸ್ ಅದ ನಂದು."

"ಅಂದಾಜಿಗೆ ಮಾರ್ಕ್ಸ್ ಕೊಡ್ತಿದ್ರೇನ್ರಿ ನೀವು?"

"ಗಣಿತಕ್ಕ ಇಲ್ಲ. ಇತಿಹಾಸಕ್ಕ ಕೊಡ್ತಿದ್ದೆ."

ಸೂಜಿ ಹೊರತೆಗೆದು ಹತ್ತಿ ಇಟ್ಟೆ. ಬಸ್ಸು ಹೋದ ಸದ್ದು ಇಬ್ಬರಿಗೂ ಕೇಳಿಸಿತು. ಅವರು ಕುರ್ಚಿಯಲ್ಲೇ ಕಣ್ಣು ಮುಚ್ಚಿದರು. ನಾನು ಅವರ ಎದೆ ಏರಿಳಿಯುವುದನ್ನೇ ನೋಡುತ್ತಾ ಕೂತೆ. ಒಮ್ಮೆ ಕಣ್ಣು ತೆರೆದು, "ಊಟಕ್ಕ ಏನ್ ಮಾಡ್ತೀರಿ?" ಎಂದರು. ಖಾನಾವಳಿ ಎಂದೆ. "ಹೂಂ" ಎಂದು ಮತ್ತೆ ಮುಚ್ಚಿದರು. ಆ ಊರಲ್ಲಿ ಬೇರೆ ಯಾರಾದರೂ ಅದನ್ನು ಕೇಳಿದ್ದು ನೆನಪಿಲ್ಲ. ಕೇಳಿದ್ದರೂ ಇರಬಹುದು.

ಎಷ್ಟು ಹೊತ್ತು ಕೂತಿದ್ದೆವೋ. ಇಡೀ ಮಧ್ಯಾಹ್ನ ಅನ್ನಿಸುತ್ತದೆ, ಒಬ್ಬಂಟಿಯಾಗಿದ್ದವನ ಲೆಕ್ಕವನ್ನು ನಂಬುವಂತಿಲ್ಲ. ಕಾದೇ ಇರಲಿಲ್ಲವೇನೋ, ಅಂದಾಜಿನ ಮೇಲೇ ಮುಗಿಸಿ ಕಳಿಸಿದೆನೇನೋ ಎಂದೂ ಆಮೇಲೆ ಅನ್ನಿಸತೊಡಗಿತು.

ಎಷ್ಟೋ ವರ್ಷಗಳ ಮೇಲೆ ದವಾಖಾನೆ ಕಾಯಂ ಮುಚ್ಚುವಾಗ ಹಳೆಯ ಎಕ್ಸ್‌ರೇ ಫಿಲ್ಮುಗಳ ನಡುವೆ ಅವರ ಹಲ್ಲಿನದೂ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದೆ. ಎದೆಯ ಮಾತು ಮೊದಲು ಎತ್ತಿದ್ದು ಯಾರು, ಕೊಕ್ಕೆ ಎಲ್ಲಿತ್ತು, ಯಾವುದೂ ಅದರಲ್ಲಿಲ್ಲ. ಸೂಜಿ ಮಾತ್ರ ಬೇರಿನ ತುದಿಗಿಂತ ತುಸು ಈಚೆಗೆ, ಇರಬೇಕಾದಲ್ಲೇ ನಿಂತಿದೆ. ಕರೆಂಟ್ ಇಲ್ಲದೆ ಆ ಫಿಲ್ಮು ತೆಗೆಯಲು ಬರುತ್ತಿರಲಿಲ್ಲ. ಕಾದದ್ದು ನಿಜ.