ಮಗ್ಗುಲಿಗೆ ತಿರುಗಿಸಿದ್ದರೆ ಸಾಕಿತ್ತು

ಅಕ್ಕನಿಗೆ ಮೊದಲ ಸಲ ಹಾಗಾದದ್ದು ಹೆರಿಗೆಯಾದ ಹನ್ನೆರಡನೆಯ ದಿನ, ಮಧ್ಯಾಹ್ನ ಎರಡೂಕಾಲಿಗೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಾನು ಶ್ರೀರಂಗಪಟ್ಟಣದ ಹಾಸ್ಟೆಲಿನಿಂದ ಓದುವ ರಜೆಗೆ ಊರಿಗೆ ಬಂದಿದ್ದೆ. ಪಾಠಕ್ಕೆ ಇಷ್ಟು ಹೊತ್ತು ಎಂದು ಲೆಕ್ಕ ಹಾಕಿಕೊಂಡು, ಕೈಗಡಿಯಾರ ಬಿಚ್ಚಿ ಪುಸ್ತಕದ ಮೇಲೆ ಇಟ್ಟುಕೊಂಡು, ಬಾಣಂತಿ ಕೋಣೆಯಲ್ಲೇ ಓದುತ್ತಿದ್ದೆ. ಅಕ್ಕನನ್ನೂ ಮಗುವನ್ನೂ ಒಂಟಿಯಾಗಿ ಬಿಡಕೂಡದೆಂದು ಅವ್ವನ ಕಟ್ಟಪ್ಪಣೆಯಿತ್ತು.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ನಮ್ಮದು ತೊಣ್ಣೂರು ಕೆರೆಯ ಆಸುಪಾಸಿನ ಊರು. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದಕ್ಕೂ ಗೋಣಿ ಕಟ್ಟಿದ್ದರು. ಮೂಲೆಯಲ್ಲಿ ಕೆಂಡದ ಮಡಕೆ. ಅಕ್ಕನ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸೊಂಟದಿಂದ ಎದೆಯ ಕೆಳಗಿನವರೆಗೆ ಬಿಗಿಯಾಗಿ ಸುತ್ತಿದ ಹಳೆಯ ಸೀರೆ. ದಿಂಬಿನ ಕೆಳಗೆ ಒಂದು ಕುಡುಗೋಲು, ಗಾಳಿ ಗೀಳಿ ಹತ್ತಿರ ಬಾರದಿರಲಿ ಎಂದು. ನಲವತ್ತು ದಿನ ಅಂಗಾತ ಮಲಗಬೇಕು, ಮಗ್ಗುಲಾದರೆ ಹೊಟ್ಟೆ ಜಾರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಮಗು ಗಂಟೆಗೊಮ್ಮೆ ಹಾಲಿಗೆ ಅಳುತ್ತಿತ್ತು. ಹನ್ನೆರಡು ದಿನದಲ್ಲಿ ಅಕ್ಕ ಒಂದೇ ಸಮನೆ ಎರಡು ಗಂಟೆ ಮಲಗಿದ್ದನ್ನು ನಾನು ನೋಡಿರಲಿಲ್ಲ.

ಆ ಮಧ್ಯಾಹ್ನ ತಲೆಯೆತ್ತಿದಾಗ ಅಕ್ಕನ ಕಣ್ಣು ತೆರೆದಿದ್ದವು. ಏನೋ ಯೋಚಿಸುತ್ತಿದ್ದಾಳೆ ಎಂದುಕೊಂಡು ಪುಟ ತಿರುಗಿಸಿದೆ. ಮತ್ತೆ ನೋಡಿದಾಗಲೂ ಕಣ್ಣು ಹಾಗೆಯೇ ಇದ್ದವು. ರೆಪ್ಪೆ ಮಾತ್ರ ಸಣ್ಣಗೆ ಅದುರುತ್ತಿತ್ತು. ಉಸಿರು ಚಿಕ್ಕದಾಗಿ, ಬೇಗ ಬೇಗ ಬರುತ್ತಿತ್ತು. ಗಂಟಲಿನಿಂದ ಒಂದು ಸದ್ದು ಹೊರಟಿತು. ಬಾಯಿ ಮುಚ್ಚಿಕೊಂಡೇ ಯಾರನ್ನೋ ಕೂಗುವಂಥ ಸದ್ದು. ನಾನು ಹೋಗಿ ಭುಜ ಮುಟ್ಟಿದ ಕೂಡಲೇ ಇಡೀ ಮೈ ಒಮ್ಮೆ ಬೆಚ್ಚಿತು, ಅಕ್ಕ ಎದ್ದು ಕೂತು ತೊಟ್ಟಿಲಿಗೆ ಕೈ ಹಾಕಿದಳು. ಗಡಿಯಾರದಲ್ಲಿ ಎರಡು ನಿಮಿಷವೂ ಕಳೆದಿರಲಿಲ್ಲ.

ಅವಳು ಹೇಳಿದ್ದಿಷ್ಟು. ಪಕ್ಕದ ಮನೆಯ ರೇಡಿಯೋ ಕೇಳುತ್ತಿತ್ತು, ನಾನು ಹಾಳೆ ತಿರುಗಿಸಿದ್ದೂ ಕೇಳಿತು. ಆದರೆ ಒಂದು ಬೆರಳೂ ಎತ್ತಲಾಗಲಿಲ್ಲ. ತೊಟ್ಟಿಲ ಹತ್ತಿರ ಕಪ್ಪಗೆ ಯಾರೋ ನಿಂತಿದ್ದರು. ಕೂಗಬೇಕೆಂದರೆ ಬಾಯಿ ಬರಲಿಲ್ಲ. ಆಮೇಲೆ ಅವರು ಬಂದು ಎದೆಯ ಮೇಲೆ ಕೂತರು.

ಪ್ರತಿಯೊಂದು ಮಾತೂ ನನಗೆ ಗೊತ್ತಿದ್ದದ್ದೇ. ಹಾಸ್ಟೆಲಿನಲ್ಲಿ ನನಗೆ ಎರಡು ಸಲ ಹಾಗಾಗಿತ್ತು. ಎರಡು ಸಲವೂ ಪರೀಕ್ಷೆಯ ಕಾಲ, ನಿದ್ದೆಗೆಟ್ಟು ಓದಿ ಮಧ್ಯಾಹ್ನ ಅಂಗಾತ ಮಲಗಿದ್ದೆ. ನನಗೆ ಕಂಡದ್ದು ದೆವ್ವವಲ್ಲ, ಬೀಗದ ಕೈ ಗೊಂಚಲು ಹಿಡಿದು ಕಾಲ ಹತ್ತಿರ ನಿಂತ ವಾರ್ಡನ್. ರೂಮಿನವರು ಹೊಟ್ಟೆ ಹಿಡಿದು ನಕ್ಕರು. ಅವರಲ್ಲಿ ಇಬ್ಬರಿಗೆ ಇದು ಹಳೆಯ ಪರಿಚಯ. ಕಾಲಿನ ಕಿರುಬೆರಳನ್ನಷ್ಟೇ ಅಲ್ಲಾಡಿಸಲು ನೋಡು, ಅದು ಅಲ್ಲಾಡಿದರೆ ಮೈಯೆಲ್ಲ ಬಿಡುತ್ತದೆ, ಮಗ್ಗುಲಾಗಿ ಮಲಗು ಎಂದು ಒಬ್ಬಳು ಕಲಿಸಿಕೊಟ್ಟಳು. ಅಲ್ಲಿಗೆ ಮುಗಿಯಿತು. ನನ್ನನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ.

ಅಪ್ಪನಿಗೂ ಆಗಿತ್ತು. ಎರಡು ವರ್ಷದ ಹಿಂದೆ, ನಾಲೆಯ ಸರದಿ ನೀರಿಗಾಗಿ ನಿದ್ದೆಗೆಟ್ಟು ಬಂದು, ಉಂಡು, ಜಗಲಿಯ ಮೇಲೆ ಅಂಗಾತ ಒರಗಿದ್ದ ಅಪ್ಪ ಕಿರುಚಿಕೊಂಡು ಎದ್ದ. ಎತ್ತು ಎದೆಯ ಮೇಲೆ ಕಾಲಿಟ್ಟಿತು, ಎಲ್ಲ ಕಾಣುತ್ತಿತ್ತು, ಏಳಲು ಆಗಲಿಲ್ಲ ಎಂದ. ಅವ್ವ ಕೊಟ್ಟಿಗೆಯಿಂದಲೇ ಹೇಳಿದ್ದಳು, "ಮೂರು ಮುದ್ದೆ ಉಂಡು ಮನಿಕ್ಕಂಡ್ರೆ ಎತ್ತಲ್ಲ, ಎಮ್ಮೆನೂ ಬತ್ತದೆ." ನಾವೆಲ್ಲ ನಕ್ಕೆವು. ಅಪ್ಪನೂ ನಕ್ಕು ಕಾಫಿ ಕೇಳಿದ. ಆ ಕಾಫಿಯನ್ನು ನಾನೇ ಮಾಡಿಕೊಟ್ಟಿದ್ದೆ. ಇದನ್ನು ಇಲ್ಲಿ ಬರೆದಿಡುವುದು ಮುಖ್ಯ, ಏಕೆಂದರೆ ಮುಂದೆ ಇದನ್ನು ಎಲ್ಲರೂ ಮರೆತರು.

ಅಕ್ಕನಿಗೆ ನಾನು ಕಿರುಬೆರಳಿನ ವಿಷಯ ಹೇಳಿದೆ. ಮಗ್ಗುಲಾಗಿ ಮಲಗಲಿ ಎಂದು ಅವ್ವನಿಗೂ ಹೇಳಿದೆ. ನನಗೂ ಆಗಿತ್ತು ಎಂದಾಗ ಅವ್ವ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. "ನಂಗೂ ಆಗದೆ ಅಂತ ಎಲ್ಲೂ ಬಾಯ್ ಬುಡ್ಬ್ಯಾಡ ಕಣಮ್ಮಿ. ನಾಳೆ ನಿನ್ನ ನೋಡಾಕೆ ಬರೋರು ಏನಂದ್ಕತಾರೆ?" ನಾನು ಬಾಯಿ ಬಿಡಲಿಲ್ಲ. ಇಷ್ಟು ವರ್ಷವಾದರೂ ಆ ತಪ್ಪು ನನ್ನದೇ. ಅವ್ವನ ಮೇಲೆ ಹಾಕಲಾರೆ.

ಅಕ್ಕನಿಗೆ ಹದಿನೈದನೆಯ ದಿನ, ಹತ್ತೊಂಬತ್ತನೆಯ ದಿನ ಮತ್ತೆ ಆಯಿತು. ನನ್ನ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ದಿನ, ಹೊತ್ತು, ಹೇಗೆ ಮಲಗಿದ್ದಳು ಎಂದು ಬರೆದಿಟ್ಟೆ. ಮೂರೂ ಸಲ ಅಂಗಾತ. ಮೂರೂ ಸಲ ಹಿಂದಿನ ದಿನ ನಿದ್ದೆಯಿಲ್ಲ.

ಇಪ್ಪತ್ತನೆಯ ದಿನ ಅಕ್ಕನ ಅತ್ತೆ ಅಕ್ಕಿಹೆಬ್ಬಾಳಿನ ಕಡೆಯಿಂದ ಮೊಮ್ಮಗನನ್ನು ನೋಡಲು ಬಂದರು. ಒಳ್ಳೆಯ ಹೆಂಗಸೇ. ಬೆಳ್ಳುಳ್ಳಿ, ಬೆಲ್ಲ, ತುಪ್ಪ ತಂದಿದ್ದರು. ಪಕ್ಕದಲ್ಲಿ ಕೂತು, ನಿದ್ದೆ ಬರುತ್ತದಾ ಎಂದು ಪ್ರೀತಿಯಿಂದಲೇ ಕೇಳಿದರು. ಅಕ್ಕ ಸುಳ್ಳು ಹೇಳುವವಳಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತೊಟ್ಟಿಲ ಹತ್ತಿರ ಯಾರೋ ನಿಂತಿದ್ದರು ಎಂದಾಗ ಆಕೆ ಮಗುವನ್ನು ಎತ್ತಿಕೊಂಡು ಕೋಣೆಯಿಂದ ಹೊರಗೆ ಬಂದುಬಿಟ್ಟರು.

ಆಮೇಲಿನದೆಲ್ಲ ನಡುಮನೆಯಲ್ಲಿ ತೀರ್ಮಾನವಾಯಿತು. ಗಾಳಿ ಸೋಕಿದ ಮೈಯ ಹಾಲನ್ನು ಮಗುವಿಗೆ ಕೊಡಕೂಡದು. ಅದು ಬಿಡುವವರೆಗೆ ಮಗು ತಾಯಿಯ ಹತ್ತಿರ ಹೋಗಕೂಡದು. ಬಿಡದಿದ್ದರೆ ಮಗುವನ್ನು ತಮ್ಮೂರಿಗೆ ಕರೆದುಕೊಂಡು ಹೋಗುವುದು, ಸೊಸೆಯ ವಿಷಯ ಆಮೇಲೆ. ಆ ಕೊನೆಯ ಮಾತು ಕೇಳಿದ ಮೇಲೆ ಅವ್ವ ಬೀಗಿತಿ ಹೇಳಿದ್ದಕ್ಕೆಲ್ಲ ಹೂಂ ಎಂದಳು. ಮಗುವಿಗೆ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಬಾಯಿಗೆ ಹಾಕತೊಡಗಿದರು. ನಡುಮನೆಯಲ್ಲಿ ಮಗು ಅತ್ತರೆ ಗೋಡೆಯ ಆಚೆ ಅಕ್ಕನ ಕುಪ್ಪಸ ತೋಯುತ್ತಿತ್ತು. ಎದೆ ಕಟ್ಟಿ ಕಲ್ಲಿನಂತಾದಾಗ ಅವಳೇ ಹಾಲನ್ನು ಒಂದು ಬಟ್ಟಲಿಗೆ ಹಿಂಡಿಕೊಡುತ್ತಿದ್ದಳು. ಅದನ್ನು ಹಿತ್ತಲ ತೆಂಗಿನ ಬುಡಕ್ಕೆ ಚೆಲ್ಲಿ ಬರುವ ಕೆಲಸ ನನ್ನದು. ದಿನಕ್ಕೆ ನಾಲ್ಕು ಸಲ ಚೆಲ್ಲಿದ್ದೇನೆ. ಬೆಚ್ಚಗಿರುತ್ತಿತ್ತು.

ಮೂರನೆಯ ದಿನ ನಾಗಮಂಗಲದ ಕಡೆಯಿಂದ ಗಾಳಿ ಬಿಡಿಸುವ ಒಬ್ಬನನ್ನು ಕರೆಸಿದರು. ಬಿಳಿ ಅಂಗಿ, ಬಿಳಿ ಪಂಚೆ, ನಯವಾದ ಮಾತು. ಹಾಡುಹಗಲು, ಊಟದ ಹೊತ್ತಿಗೆ ಮುಂಚೆ, ಅಕ್ಕನನ್ನು ಅಂಗಳದಲ್ಲಿ ಮಣೆಯ ಮೇಲೆ ಕೂರಿಸಿದರು. ಹೆರಿಗೆಯಾಗಿ ಇಪ್ಪತ್ತಮೂರು ದಿನವಾಗಿದ್ದ ಹೆಂಗಸು. ಕೂರುವಾಗ ನೋವಿಗೆ ತುಟಿ ಕಚ್ಚಿದ್ದನ್ನು ನಾನು ನೋಡಿದೆ.

ಅವನು ಬೇವಿನ ಕಡ್ಡಿಯ ಬರಲು ಹಿಡಿದು ಕೇಳಿದ, "ಯಾರು ನೀನು? ಯೋಳು."

ಅಕ್ಕ ತನ್ನ ಹೆಸರು ಹೇಳಿದಳು.

ಅವನು ಬರಲಿನಿಂದ ಭುಜಕ್ಕೆ ಹೊಡೆದು ಮತ್ತೆ ಕೇಳಿದ. ಅಕ್ಕ ಮತ್ತೆ ತನ್ನ ಹೆಸರನ್ನೇ ಹೇಳಿದಳು. ಏಳು ಸಲ ಕೇಳಿದ, ನಾನು ಎಣಿಸಿದ್ದೇನೆ. ಏಳು ಸಲವೂ ಅವಳು ಅಪ್ಪ ಅವ್ವ ಇಟ್ಟ ಹೆಸರನ್ನೇ ಹೇಳಿದಳು. ಐದನೆಯ ಸಲಕ್ಕೆ ಧ್ವನಿ ಬಿದ್ದುಹೋಗಿತ್ತು. ಆ ಹೆಸರಿಟ್ಟ ಇಬ್ಬರೂ ಅಲ್ಲೇ ಇದ್ದರು. ಅವ್ವ ಬಾಗಿಲ ಹಿಂದೆ. ಅಪ್ಪ ಜಗಲಿಯ ಮೇಲೆ, ತನಗೆ ಎತ್ತು ಕಂಡಿದ್ದ ಅದೇ ಜಾಗದಲ್ಲಿ.

ನಾನು ಅಪ್ಪನ ಹತ್ತಿರ ಹೋಗಿ ಹೇಳಿದೆ, "ನಿಂಗೂ ಇಂಗೇ ಆಗಿತ್ತಲ್ಲ ಅಪ್ಪ. ಅವ್ರಿಗೆ ಯೋಳು."

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿದ. ಗದ್ದೆಯ ಕಡೆ ಹೊರಟುಹೋದ.

ಎಂಟನೆಯ ಸಲ ಕೇಳಿದಾಗ ಅಕ್ಕ ಹೆಸರು ಹೇಳದೆ ತಲೆ ಬಗ್ಗಿಸಿದಳು. ಇನ್ನು ಬಿಡುತ್ತದೆ ಎಂದು ಅವನು ಅವಳ ತೋಳಿಗೆ ಕಪ್ಪು ದಾರ ಕಟ್ಟಿದ, ಇನ್ನೂ ಒಂಬತ್ತು ದಿನ ಮಗುವನ್ನು ಮುಟ್ಟಿಸಬೇಡಿ ಎಂದ. ಮಜ್ಜಿಗೆ ಕುಡಿದು ಬಸ್ಸಿಗೆ ಹೋದ. ಅಕ್ಕನನ್ನು ಕೋಣೆಗೆ ಕರೆದುಕೊಂಡು ಹೋಗಿ ಮತ್ತೆ ಅಂಗಾತ ಮಲಗಿಸಿದರು. ಮಾರನೆಯ ಮಧ್ಯಾಹ್ನವೇ ಅವಳಿಗೆ ಮತ್ತೆ ಆಯಿತು. ಈ ಸಲ ಅವಳು ನನ್ನೊಬ್ಬಳಿಗೇ ಹೇಳಿದಳು.

ಇಪ್ಪತ್ತೊಂಬತ್ತನೆಯ ದಿನ ನರ್ಸಮ್ಮ ಬಂದರು. ಸರ್ಕಾರದ ಕಡೆಯಿಂದ ಮನೆ ಮನೆಗೆ ಬಂದು ಕೂಸುಗಳ ತೂಕ ನೋಡಿ ಹೋಗುವವರು. ಮಗುವನ್ನು ಬಟ್ಟೆಯಲ್ಲಿ ಹಾಕಿ ಕೊಂಡಿಯ ತಕ್ಕಡಿಗೆ ನೇತುಹಾಕಿದರು. ಹಿಂದಿನ ಸಲಕ್ಕಿಂತ ಕಡಿಮೆ ಬಂತು. ಇನ್ನೊಮ್ಮೆ ನೇತುಹಾಕಿದರು, ಅಷ್ಟೇ. ಎರಡು ದಿನದಿಂದ ಭೇದಿಯಾಗುತ್ತಿದೆ ಎಂದು ಅವ್ವ ಮೆಲ್ಲಗೆ ಹೇಳಿದಳು. ಎದೆಹಾಲು ಕುಡಿಸ್ತಾ ಇಲ್ವಾ ಎಂದು ಅವರು ಕೇಳಿದಾಗ ಅವ್ವ ಬೀಗಿತಿಯ ಕಡೆ ನೋಡಿದಳು. ಭೇದಿಯೂ ಗಾಳಿಯದೇ ಕಾಟವೆಂದು, ಮಗುವನ್ನು ಊರಿಗೆ ಒಯ್ಯುವುದಕ್ಕೆ ಅಕ್ಕನ ಅತ್ತೆ ಆಗಲೇ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

ಅಲ್ಲಿ ನಾನು ಬಾಯಿ ಬಿಟ್ಟೆ. ನಡುಮನೆಯಲ್ಲಿ, ಬೀಗಿತಿಯ ಎದುರಿಗೇ, ನೋಟುಪುಸ್ತಕ ತಂದು ಓದಿದೆ. ನನಗೆ ಎರಡು ಸಲ ಆಗಿದ್ದನ್ನೂ ಹೇಳಿದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನರ್ಸಮ್ಮ ಪೂರ್ತಿ ಕೇಳಿ, "ನಂಗೂ ಆಯ್ತದೆ" ಅಂದರು. "ಎರಡು ದಿನ ನಿದ್ದೆಗೆಟ್ಟು ಹೆರಿಗೆ ಮಾಡಿಸ್ಬುಟ್ಟು ಮನಿಕ್ಕಂಡ್ರೆ ಆಯ್ತದೆ. ಹಂಗಾರೆ ಈ ಊರ ಮಕ್ಕಳಿಗೆಲ್ಲ ಸೂಜಿ ಚುಚ್ಚಿದ್ದು ದೆವ್ವವಾ?"

ಆಮೇಲೆ ಅವರು ವಿವರಿಸಿದ್ದು ಸರಳವಾಗಿತ್ತು. ಮುಂದೆ ನಾನು ಓದಿ ತಿಳಿದುಕೊಂಡದ್ದೂ ಅದನ್ನೇ. ಕನಸು ಬೀಳುವಾಗ ನಾವು ಎದ್ದು ಓಡಬಾರದೆಂದು ಮಿದುಳು ಕೈಕಾಲುಗಳನ್ನು ಸಡಿಲಗೊಳಿಸಿ ಇಟ್ಟಿರುತ್ತದೆ. ಒಮ್ಮೊಮ್ಮೆ ಮನಸ್ಸಿಗೆ ಮೊದಲು ಎಚ್ಚರವಾಗುತ್ತದೆ, ಮೈ ಇನ್ನೂ ಕನಸಿನ ಹಿಡಿತದಲ್ಲೇ ಇರುತ್ತದೆ. ಕೋಣೆ ಕಾಣುತ್ತದೆ, ಸದ್ದು ಕೇಳುತ್ತದೆ, ಅದರೊಳಗೆ ಕನಸಿನ ಚೂರೂ ಬೆರೆತಿರುತ್ತದೆ. ಉಸಿರನ್ನು ಬೇಕಾದ ಹಾಗೆ ಎಳೆಯಲಾಗದ್ದಕ್ಕೆ ಎದೆಯ ಮೇಲೆ ಭಾರವೆನ್ನಿಸುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗಿದವರಿಗೆ ಇದು ಹೆಚ್ಚು. ಕಾಣುವುದು ಅವರವರ ಭಯ ಎಂದು ನನಗೆ ತೋರುತ್ತದೆ. ನನಗೆ ವಾರ್ಡನ್, ಅಪ್ಪನಿಗೆ ತುಳಿಯುವ ಎತ್ತು. ಹಸುಗೂಸಿನ ತಾಯಿಗೆ ತೊಟ್ಟಿಲ ಪಕ್ಕದಲ್ಲಿ ಯಾರೋ ಒಬ್ಬರು.

ಇಷ್ಟಾದರೂ ಅಕ್ಕನ ಅತ್ತೆ ತಕ್ಕಡಿಯಿಂದ ಎತ್ತಿಕೊಂಡ ಮಗುವನ್ನು ತೋಳಿನಿಂದ ಇಳಿಸಿರಲಿಲ್ಲ. ಆಗ ಬಾಗಿಲಲ್ಲಿ ನಿಂತಿದ್ದ ಅಪ್ಪ, ಯಾರ ಮುಖವನ್ನೂ ನೋಡದೆ, "ನಂಗೂ ಆಗಿತ್ತು ಕಣವ್ವ" ಎಂದ. ಆಕೆ, "ಗಂಡಸ್ರದ್ದು ಬ್ಯಾರೆ ಬುಡಿ" ಎಂದರು. ಅಪ್ಪ ಹೇಳಿದ, "ಬ್ಯಾರೆ ಅಲ್ಲ. ಅದೇಯ."

ಎಂಟು ಅಕ್ಷರದ ಮಾತು ಕೂಡ ಇರಲಿಲ್ಲ ಅದು. ಆರು ದಿನ ಮೊದಲು, ಅಂಗಳದಲ್ಲಿ, ಮೊದಲ ಏಟಿಗೇ ಹೇಳಬಹುದಿತ್ತು. ಅಪ್ಪನ ಮೇಲಿನ ಬೇರೆಲ್ಲ ಕೋಪ ಕಾಲಕ್ಕೆ ಇಳಿದಿದೆ, ಇದೊಂದು ಇಳಿದಿಲ್ಲ.

ಕೂಸು ಹೀಗೇ ಸೊರಗಿದರೆ ಪಾಂಡವಪುರದ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಯಾಕೆ ಹಾಲು ಬಿಡಿಸಿದಿರಿ ಎಂದು ಅಲ್ಲಿ ಕೇಳಿದರೆ ನೀವೇ ಬಂದು ಹೇಳಿ ಎಂದರು ನರ್ಸಮ್ಮ. ಅಕ್ಕನ ಅತ್ತೆ ಮಗುವನ್ನು ಅವರ ಕೈಗೆ ಕೊಟ್ಟರು. ನರ್ಸಮ್ಮ ಕೋಣೆಗೆ ಹೋಗಿ ಕಿಟಕಿಯ ಗೋಣಿ ಕಿತ್ತರು, ಹೊಟ್ಟೆಯ ಸೀರೆ ಸಡಿಲಿಸಿದರು, ಅಕ್ಕನನ್ನು ಬಲ ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ಕಂಬಳಿ ಸುರುಳಿ ಒತ್ತಿಟ್ಟರು. ಅದಕ್ಕೆ ಅರ್ಧ ನಿಮಿಷ ಹಿಡಿಯಿತು.

ಮಗು ಎದೆ ಹಿಡಿಯಲಿಲ್ಲ. ಒಂಬತ್ತು ದಿನದಲ್ಲಿ ಅದು ಒಳಲೆಗೆ ಒಗ್ಗಿಹೋಗಿತ್ತು, ಅಕ್ಕನ ಹಾಲೂ ಬತ್ತುತ್ತ ಬಂದಿತ್ತು. ಮುಖ ತಿರುಗಿಸಿ ಅತ್ತಿತು. ಮೂರು ದಿನ ಅಕ್ಕ ಹಟ ಬಿಡದೆ ಹಿಡಿಸಿದಳು. ಕೊನೆಗೆ ಬಲಗಡೆ ಹಾಲು ತಿರುಗಿ ಬಂತು. ಎಡಗಡೆಗೆ ಬರಲೇ ಇಲ್ಲ.

ಮಗ್ಗುಲಾಗಿ ಮಲಗತೊಡಗಿದ ಮೇಲೆ ಅಕ್ಕನಿಗೆ ಹಾಗಾದದ್ದು ಒಂದೇ ಸಲ, ಅದೂ ನಿದ್ದೆಯಲ್ಲಿ ಹೊರಳಿ ಅಂಗಾತವಾಗಿದ್ದಾಗ. ಕಿರುಬೆರಳು ಅಲ್ಲಾಡಿಸಿ ಎದ್ದೆ ಎಂದು ನಕ್ಕಳು. ಆದರೆ ನಮ್ಮೂರಿನಲ್ಲಿ, ಅಕ್ಕನ ಗಂಡನ ಊರಿನಲ್ಲಿ, ಇವತ್ತಿಗೂ ಹೇಳುವ ಕಥೆ ಬೇರೆ. ನಾಗಮಂಗಲದ ಕಡೆಯವನ ದಾರದಿಂದ ಗಾಳಿ ಬಿಟ್ಟಿತು, ಮಗು ಉಳಿಯಿತು.

ನಾಮಕರಣಕ್ಕೆ ಅವನನ್ನು ಕರೆದಿದ್ದರು. ನರ್ಸಮ್ಮನನ್ನು ಕರೆಯಲು ಯಾರಿಗೂ ನೆನಪಾಗಲಿಲ್ಲ. ಅವನಿಗೆ ನಡುಮನೆಯಲ್ಲಿ ಕಂಬದ ಪಕ್ಕ ಚಾಪೆ ಹಾಸಿ, ಎಲೆ ಅಡಿಕೆ ಇಟ್ಟು ಕೂರಿಸಿದರು. ಅವನು ಎಲ್ಲರಿಗೂ ಕೇಳುವಂತೆ, ಈಗ ಹೇಗಿದ್ದೀಯವ್ವ ಎಂದು ಅಕ್ಕನನ್ನು ವಿಚಾರಿಸಿದ. ಅಷ್ಟರಲ್ಲಿ ಮಗು ಹಾಲಿಗೆ ಅತ್ತಿತು. ಅಕ್ಕ ಬೆನ್ನು ಅವನ ಕಡೆಗೆ ಬರುವಂತೆ ಗೋಡೆಗೆ ಮುಖ ಮಾಡಿ ಕೂತು, ಮಗುವನ್ನು ಬಲಗಡೆಗೆ ಹಾಕಿಕೊಂಡಳು. ಊಟಕ್ಕೆ ಎಲೆ ಹಾಕಿದರು, ಎರಡು ಪಂಕ್ತಿ ಎದ್ದವು. ಅವನು ಹೊರಟು ಚಪ್ಪಲಿ ಮೆಟ್ಟುವವರೆಗೂ ಅವಳು ಈ ಕಡೆ ತಿರುಗಲಿಲ್ಲ.