ಎಡಗಿವಿಯ ಮಣ್ಣು

ಇದು ನಡೆದದ್ದು ನಿಜ. ನೆನಪಿನ ಮೇಲೆ ನನಗೇ ಭರವಸೆಯಿಲ್ಲ. ಆದ್ದರಿಂದ ಆ ರಾತ್ರಿಯೇ ಬರೆದಿಟ್ಟ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಹೇಳುತ್ತಿದ್ದೇನೆ.

೧೯೯೯. ಕರಾವಳಿಯ ಬೌದ್ಧ ನೆಲೆಗಳ ಮೇಲೆ ಎಂ.ಫಿಲ್. ಪ್ರಬಂಧ ಬರೆಯುತ್ತಿದ್ದೆ. ಹಡಗಿನ ವ್ಯಾಪಾರಿಗಳ ಜೊತೆ ಬಂದ ಭಿಕ್ಷುಗಳ ವಿಹಾರಗಳು ಮುಂದೆ ನಾಥಜೋಗಿಗಳ ಮಠಗಳಾಗಿ, ಆಮೇಲೆ ಶಿವಗುಡಿಗಳಾದವು ಎಂದು ತೋರಿಸಬೇಕಿತ್ತು. ಮಿರ್ಜಾನದಾಚೆ, ಅಘನಾಶಿನಿಯ ದಂಡೆಯ ಪಾಳುಗುಡಿಯೊಂದರಲ್ಲಿ ಪದ್ಮಾಸನ ಹಾಕಿ ಕೂತ ಕಲ್ಲಿನ ಮೂರ್ತಿ ಸಿಕ್ಕಿತು. ಭುಜ ಮುಟ್ಟುವ ಕಿವಿಗಳು. ಊರವರಿಗೆ ಅವನು ಬುದ್ಧನಲ್ಲ, ‘ಕಿವಿಯಜ್ಜ’. ಕಷ್ಟವಿದ್ದವರು ಬಂದು ಅವನ ಬಲಗಿವಿಯಲ್ಲಿ ಪಿಸುಗುಟ್ಟಿ ಹೋಗುತ್ತಿದ್ದರು. ಎಡಗಿವಿಗೆ ಹುತ್ತದ ಮಣ್ಣು ಮೆತ್ತಿತ್ತು.

“ಎಡದ್ದು ಯಾಕೆ ಮುಚ್ಚಿದ್ದೀರಿ?” ದೀಪ ಹಚ್ಚುವ ಹೊನ್ನಕ್ಕನನ್ನು ಕೇಳಿದೆ.

“ಒಂದ್ರಲ್ಲಿ ಕೇಳಿ ಇನ್ನೊಂದ್ರಲ್ಲಿ ಬಿಡೂಕೆ ಅವ ಎಂತ ನಮ್ಮನೆ ಗಂಡ್ಸಾ, ಅಕ್ಕೋರೆ?” ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ನೀವು ಅಜ್ಜನ್ನ ಒಯ್ಯೂಕೆ ಬಂದವ್ರಲ್ಲ ಅಲ್ದಾ? ಹಂಗಂತ ಅವನ ಕಿವಿಲೇ ಹೇಳಿ. ಆಮೇಲೆ ಮುಟ್ಟಿ.”

ಬಾಗಿ ಬಲಗಿವಿಯಲ್ಲಿ ಹೇಳಿದೆ: “ಒಯ್ಯುವುದಿಲ್ಲ.”

ಸುಳ್ಳು. ಮೂರ್ತಿಯನ್ನು ಮ್ಯೂಸಿಯಮ್ಮಿಗೆ ಸಾಗಿಸಲು ಕೋರುವ ಪತ್ರ ನನ್ನ ಚೀಲದಲ್ಲೇ ಇತ್ತು. ಮರುದಿನ ಕುಮಟೆಯಲ್ಲಿ ಅಂಚೆಗೆ ಹಾಕುವುದಿತ್ತು. ಯಾರಿಗೂ ಅದನ್ನು ಓದಿ ಹೇಳಿರಲಿಲ್ಲ.

ಪೀಠದ ಶಾಸನದ ಮೇಲೆ ಒದ್ದೆ ಕಾಗದ ಬಡಿದು, ಮಸಿ ತಾಗಿಸಿ ಪಡಿಯಚ್ಚು ತೆಗೆದೆ. ಹೊಳೆಯ ತೇವಕ್ಕೆ ಕಾಗದ ಆರಲೇ ಇಲ್ಲ... ಕತ್ತಲಾಯಿತು. ಗಂಜಿ ತರುತ್ತೇನೆಂದು ಹೊನ್ನಕ್ಕ ಮನೆಗೆ ಹೋದಳು.

ಆಗ ಮಾಡಬಾರದ್ದು ಮಾಡಿದೆ. ಕಿವಿಯಲ್ಲಿ ಕುಂಡಲವಿದ್ದರೆ ಬೋಧಿಸತ್ವ ಲೋಕೇಶ್ವರ, ಬರಿಯ ಹಾಲೆಯಾದರೆ ಬುದ್ಧ. ಬಲಗಿವಿ ಜನರ ಎಣ್ಣೆಗೈಗೆ ಸವೆದುಹೋಗಿತ್ತು. ಎಡಗಿವಿಯ ಮಣ್ಣನ್ನು ಕೆರೆದು ತೆಗೆದೆ.

ಬರಿಯ ಹಾಲೆ. ಬುದ್ಧನೇ!

ಮೊದಲು ಬಂದದ್ದು ವಾಸನೆ. ಎಲೆಅಡಿಕೆ ಅಗಿದ ಬಾಯಿಯ ಬಿಸಿಯುಸಿರು... ಆಮೇಲೆ ದನಿ. ಹೊಳೆಯ ಸದ್ದೋ ಎಂದು ಆ ಎಡಗಿವಿಯ ಹತ್ತಿರ ಬಾಗಿದೆ. ಹೆಣ್ಣಿನ ದನಿ. ನನ್ನದೇ ದನಿ. ‘ಒಯ್ಯುವುದಿಲ್ಲ’ ಎಂದಲ್ಲ...

“...ಊರವರಿಗೆ ತಿಳಿಸದೆ ಸಾಗಿಸುವುದು ಸೂಕ್ತ...”

ಪತ್ರದ ಕೊನೆಯ ಸಾಲು.

ತಿರುಗಿದರೆ ಬಾಗಿಲಲ್ಲಿ ಹೊನ್ನಕ್ಕ. ಕೈಯಲ್ಲಿ ಕಂದೀಲು. ಗಂಜಿಯಿಲ್ಲ.

“ನಮ್ಗೆ ಹೇಳ್ದೇ ಒಯ್ಯೂದಾ, ಅಕ್ಕೋರೆ?”

ನನ್ನ ಚೀಲ ತಡಕಿದ್ದಳೇ? ಓದು ಬಾರದು ಎಂದು ಅವಳೇ ಹೇಳಿದ್ದಳು, ಅದು ನಿಜವೇ? ಅಥವಾ ನಾನೇ ಗೊಣಗಿಕೊಂಡೆನೇ? ದಿನಚರಿಯಲ್ಲಿ ‘ನಾನು ಬಾಯಿ ತೆರೆಯಲಿಲ್ಲ’ ಎಂದಿದೆ. ಆದರೆ ಆ ಒಂದು ಸಾಲಿನ ಶಾಯಿ ಬೇರೆ ಬಣ್ಣದ್ದು. ಯಾವಾಗ ಸೇರಿಸಿದೆನೋ...

ಅವಳೆದುರೇ ಪತ್ರ ಹರಿದೆ. ಅವಳು ಹುತ್ತದ ಮಣ್ಣು ನಾದಿ ಕೊಟ್ಟಳು.

“ತೆಗ್ದವ್ರೇ ಮೆತ್ಬೇಕು.”

ಹೆಬ್ಬೆರಳಿನಿಂದ ಒತ್ತಿದೆ.

“ಆತು. ಇನ್ನ್ ನಡೀರಿ.”

ನನ್ನ ಪ್ರಬಂಧದಲ್ಲಿ ಆ ಊರಿನ ಹೆಸರಿಲ್ಲ.

೨೦೦೬ರ ಬಿರುಬೇಸಿಗೆಯಲ್ಲಿ ಮತ್ತೆ ಹೋದೆ. ಅಜ್ಜ ಅಲ್ಲೇ ಕೂತಿದ್ದ. ಹೊನ್ನಕ್ಕನ ತಲೆ ಪೂರ್ತಿ ನರೆತಿತ್ತು. ಎಡಗಿವಿಯ ಮಣ್ಣಿನ ಮೇಲೆ ಹೆಬ್ಬೆರಳಿನ ಗುರುತು.

“ನೀವು ಮೆತ್ತಿದ್ದೇ ಅದು. ಮತ್ಯಾರೂ ಮುಟ್ಲಿಲ್ಲ,” ಎಂದಳು.

ನಂಬಲಿಲ್ಲ. ನನ್ನ ಹೆಬ್ಬೆರಳನ್ನು ಆ ಗುರುತಿನಲ್ಲಿಟ್ಟು ನೋಡಿದೆ. ಸರಿಯಾಗಿ ಕೂತಿತು.

ಏಳು ವರ್ಷ... ಮಣ್ಣು ಇನ್ನೂ ಹಸಿಯಾಗಿತ್ತು. ಒಳಗಿನಿಂದ ಬೆಚ್ಚಗೆ.